ಪುಣ್ಯದ ಅನ್ನ, ದನದ ಹೊಟ್ಟೆಗೆ ಭಾರ

‘ಬೋಳಾರದಲ್ಲಿ ದನವಾ? ಅಲ್ಲಿ ಎಂತ ಮೇಯಿಸ್ತೀರಿ, ಡಾಮರಾ?’

ಸುಳ್ಯ ಕಡೆಯ ಸಂಬಂಧಿಕರೊಬ್ಬರು ಫೋನಿನಲ್ಲಿ ಕೇಳಿ ಜೋರಾಗಿ ನಗಾಡಿದರು. ನಗಾಡಿದ್ದು ತಪ್ಪಲ್ಲ. ಅವರಿಗೆ ನಾಲ್ಕೆಕ್ರೆ ಅಡಿಕೆ ತೋಟ, ಬೆನ್ನಿಗೇ ಗುಡ್ಡ, ಕೆಳಗೆ ತೋಡು. ನಮಗಿರುವುದು ಹದಿನೆಂಟು ಸೆಂಟ್ಸು. ಅದರಲ್ಲೇ ಮನೆ, ಬಾವಿ, ಒಂಬತ್ತು ತೆಂಗು, ಎರಡು ಹಲಸು, ಹಟ್ಟಿ. ಹಟ್ಟಿಯಲ್ಲಿ ಎರಡು ದನ. ಜತೆಗೆ ಹತ್ತು-ಹನ್ನೆರಡು ಊರ ಕೋಳಿ, ಒಂದು ನಾಯಿ, ಲೆಕ್ಕಕ್ಕೆ ಸಿಗದ ಬೆಕ್ಕುಗಳು.

ಮಂಗಳೂರು ಪೇಟೆಯ ದಕ್ಷಿಣಕ್ಕೆ, ನೇತ್ರಾವತಿಯ ಬದಿಯಲ್ಲಿ ಬೋಳಾರ. ಮಂಗಳೂರಿಗೆ ಹೆಸರು ಕೊಟ್ಟವಳು ಎಂದು ಜನ ನಂಬುವ ಮಂಗಳಾದೇವಿಯ ದೇವಸ್ಥಾನ ಇಲ್ಲೇ ಇರುವುದು. 1860ರ ದಶಕದಲ್ಲಿ ಬಾಸೆಲ್ ಮಿಶನ್‌ನವರು ಪಕ್ಕದ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಮಾಡಿದ ಮೇಲೆ ಈ ಹೊಳೆಬದಿಯಲ್ಲೆಲ್ಲ ಹೆಂಚಿನ ಚಿಮಿಣಿ ಎದ್ದವು. ಈಗ ಬಹುಪಾಲು ಮುಚ್ಚಿವೆ. ನಾನು ಮದುವೆಯಾಗಿ ಬಂದ 1986ರಲ್ಲಿ ನಮ್ಮ ಓಣಿಯಲ್ಲಿ ಏಳು ಮನೆಯಲ್ಲಿ ಹಟ್ಟಿ ಇತ್ತು. ಹೆಂಚಿನ ಕಾರ್ಖಾನೆಯ ಖಾಲಿ ಜಾಗದಲ್ಲಿ ದನ ಮೇಯುತ್ತಿದ್ದವು, ಸಂಜೆ ತಾವಾಗಿಯೇ ಮನೆಗೆ ಬರುತ್ತಿದ್ದವು. ಈಗ ಉಳಿದದ್ದು ನಮ್ಮದೊಂದೇ.

ದನ ಸಾಕುವುದು ಹೇಗೆಂದು ಈ ಪುಟಗಳ ಓದುಗರಿಗೆ ನಾನು ಕಲಿಸಬೇಕಾಗಿಲ್ಲ. ಆದರೆ ಪೇಟೆಯ ದನಕ್ಕೆ ಬರುವ ಕಷ್ಟ ಬೇರೆ. ಅದರಲ್ಲಿ ಒಂದು ನಮ್ಮ ಹಟ್ಟಿಯನ್ನೇ ಖಾಲಿ ಮಾಡುವುದರಲ್ಲಿತ್ತು. ಈಗ ಆ ಕಷ್ಟ ಹಳ್ಳಿಗೂ ಬಂದಿದೆ ಎಂದು ಕೇಳಿ ಬರೆಯಲು ಕೂತಿದ್ದೇನೆ.

ಹಟ್ಟಿಯ ದಿನಚರಿ

ಬೆಳಗ್ಗೆ ನಾಲ್ಕೂಮುಕ್ಕಾಲಿಗೆ ಏಳುವುದು. ದೀಪ ಹಾಕುವ ಮೊದಲು ಹಟ್ಟಿಯ ಬಾಗಿಲಲ್ಲಿ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತೇನೆ. ಇದು ನಮ್ಮ ಅತ್ತೆಯಿಂದ ಕಲಿತದ್ದು. ‘ಮೊದಲು ಕೇಳು, ಆಮೇಲೆ ನೋಡು’ ಎನ್ನುತ್ತಿದ್ದರು. ಮೆಲುಕು ಹಾಕುವ ಸದ್ದು ಕೇಳಿದರೆ ದನ ಚೆನ್ನಾಗಿದೆ ಎಂದು ಅರ್ಥ. ಕೇಳದಿದ್ದರೆ ಮಾತ್ರ ಹತ್ತಿರ ಹೋಗಿ ಸರಿಯಾಗಿ ನೋಡಬೇಕು.

ದೊಡ್ಡವಳು ಕಾವೇರಿ, ಜೆರ್ಸಿ ಮಿಶ್ರ. ಚಿಕ್ಕವಳು ಪುಟ್ಟಿ, ನಮ್ಮ ಮಲೆನಾಡು ಗಿಡ್ಡ. ನಾವು ‘ಊರ ದನ’ ಎಂದು ಕರೆದು ಬದಿಗೆ ಇಟ್ಟ ಈ ಗಿಡ್ಡವನ್ನು 2012ರಲ್ಲಿ ಅಧಿಕೃತವಾಗಿ ಒಂದು ತಳಿಯೆಂದು ನೋಂದಾಯಿಸಿದರು. ಕಾವೇರಿಗೆ ದಿನಕ್ಕೆ ಎಂಟು-ಒಂಬತ್ತು ಲೀಟರ್ ಹಾಲು. ಪುಟ್ಟಿಗೆ ಒಂದೂವರೆ ಲೀಟರ್. ಆದರೆ ಪುಟ್ಟಿಗೆ ಡಾಕ್ಟರು ಬಂದದ್ದು ಹತ್ತು ವರ್ಷದಲ್ಲಿ ಎರಡು ಸಲ, ಅದೂ ಒಮ್ಮೆ ಚುಚ್ಚುಮದ್ದಿಗೆ.

ಸೆಗಣಿ ಬಾಚಿ, ನೆಲಕ್ಕೆ ನೀರು ಹೊಡೆದು, ಕೆಚ್ಚಲು ತೊಳೆದು ಒಣ ಬಟ್ಟೆಯಲ್ಲಿ ಒರೆಸಿ ಹಾಲು ಕರೆಯುವುದು. ಮೊದಲ ನಾಲ್ಕು ಹಿಂಡು ಕಪ್ಪು ಬಟ್ಟೆ ಕಟ್ಟಿದ ಲೋಟಕ್ಕೆ. ಬಟ್ಟೆಯ ಮೇಲೆ ಹಾಲು ಗಟ್ಟಿ ಗಟ್ಟಿ ನಿಂತರೆ ಕೆಚ್ಚಲು ಬಾವು ಶುರುವಾಗುತ್ತಿದೆ ಎಂದು ಅದೇ ದಿನ ಗೊತ್ತಾಗುತ್ತದೆ. ಕರೆದಾದ ಕೂಡಲೇ ಹಿಂಡಿ ಇಡುತ್ತೇನೆ. ತಿನ್ನುತ್ತಾ ಅರ್ಧ ಗಂಟೆಯಾದರೂ ನಿಂತಿರಲಿ ಎಂದು. ಕರೆದ ತಕ್ಷಣ ಮಲಗಿದರೆ ಇನ್ನೂ ಮುಚ್ಚದ ಮೊಲೆಯ ತೂತಿಗೆ ನೆಲದ ಕೊಳೆ ಹತ್ತುತ್ತದೆ.

ಆರೂವರೆಗೆ ಹಾಲಿಗೆ ಜನ ಬರುತ್ತಾರೆ. ಹನ್ನೊಂದು ಮನೆ. ಒಬ್ಬರು ಬಾಯಿ ಮೂವತ್ತು ವರ್ಷದಿಂದ ಅದೇ ತೂಕುಪಾತ್ರೆ ತರುತ್ತಾರೆ.

ಹುಲ್ಲು ಎಲ್ಲಿಂದ?

ಮೇಯಲು ಡಾಮರು ಮಾತ್ರ ಎನ್ನುವುದು ಪೂರ್ತಿ ತಮಾಷೆಯಲ್ಲ. ಪೇಟೆಯಲ್ಲಿ ದನ ಬಿಟ್ಟರೆ ಪ್ಲಾಸ್ಟಿಕ್ ತಿಂದು ಬರುತ್ತದೆ. ಹಾಗಾಗಿ ನಮ್ಮ ದನ ಗೇಟು ದಾಟುವುದಿಲ್ಲ.

ತೆಂಗಿನ ಬುಡದ ಸುತ್ತ, ಕಾಂಪೌಂಡಿನ ಉದ್ದಕ್ಕೆ, ಬಚ್ಚಲು ನೀರು ಹೋಗುವ ಕಣಿಯ ಬದಿಗೆ ನೇಪಿಯರ್ ಹುಲ್ಲು ನೆಟ್ಟಿದ್ದೇವೆ. ಮಳೆಗಾಲದಲ್ಲಿ ಮಂಗಳೂರಿಗೆ ಮೂರೂವರೆ ಸಾವಿರ ಮಿಲ್ಲಿಮೀಟರ್ ಆಸುಪಾಸು ಮಳೆ ಬೀಳುವಾಗ ಹುಲ್ಲಿಗೆ ಬರವಿಲ್ಲ. ಆದರೆ ಆ ಹುಲ್ಲು ಬರೀ ನೀರು. ಬೈಹುಲ್ಲು ಸೇರಿಸದಿದ್ದರೆ ಸೆಗಣಿ ತೆಳು. ಬೇಸಿಗೆಯಲ್ಲಿ ಹಲಸಿನ ರಚ್ಚೆ, ಬಾಳೆದಿಂಡು, ತರಕಾರಿ ಅಂಗಡಿಯ ಹೂಕೋಸಿನ ಎಲೆ. ಅಂಗಡಿಯ ಎಲೆಯನ್ನು ಒಮ್ಮೆ ನೀರಲ್ಲಿ ಮುಳುಗಿಸಿ, ರಬ್ಬರು ಬ್ಯಾಂಡ್, ಪ್ಲಾಸ್ಟಿಕ್ ದಾರ ಹುಡುಕಿ ತೆಗೆದೇ ಹಾಕುವುದು. ಹಲಸಿನ ರಚ್ಚೆಯೂ ಬುಟ್ಟಿ ಲೆಕ್ಕ. ಹೆಚ್ಚಾದರೆ ಹೊಟ್ಟೆ ಉಬ್ಬರ.

ನೀರಿನ ಕಷ್ಟವೂ ಹೇಳಬೇಕು. ಹೊಳೆಬದಿಯಾದ್ದರಿಂದ ಏಪ್ರಿಲ್, ಮೇಯಲ್ಲಿ ನಮ್ಮ ಬಾವಿ ಉಪ್ಪಾಗುತ್ತದೆ. ಆಗ ತುಂಬೆಯ ನಳ್ಳಿ ನೀರೇ ಗತಿ. 2019ರ ಬೇಸಿಗೆಯಲ್ಲಿ ತುಂಬೆಯಲ್ಲಿ ನೀರು ಇಳಿದು ನಗರಕ್ಕೆ ಸರದಿಯಲ್ಲಿ ಬಿಟ್ಟಾಗ ಮನೆಯವರ ಸ್ನಾನಕ್ಕೆ ಎರಡು ಬಾಲ್ದಿ ಎಂದು ಲೆಕ್ಕ ಮಾಡಿದ್ದೆವು. ಹಾಲು ಕೊಡುವ ದೊಡ್ಡ ದನಕ್ಕೆ ಸೆಕೆಗಾಲದಲ್ಲಿ ದಿನಕ್ಕೆ ಅರುವತ್ತು ಲೀಟರಾದರೂ ಬೇಕು. ಅದರಲ್ಲಿ ಕಡಿಮೆ ಮಾಡಿದರೆ ಮರುದಿನವೇ ಹಾಲಿನ ಪಾತ್ರೆ ಹೇಳುತ್ತದೆ.

ಎರಡು ಬಾಲ್ದಿ ಅನ್ನ

ಇನ್ನು ಮುಖ್ಯ ವಿಷಯ. 2022ರ ಮೇ ತಿಂಗಳು, ಮದುವೆಗಳ ಕಾಲ. ಒಂದು ಭಾನುವಾರ ನಾನು ತಮ್ಮನ ಮನೆಯ ಒಕ್ಕಲಿಗೆ ಹೋಗಿದ್ದೆ. ಮನೆಯಲ್ಲಿ ಇವರು, ಮತ್ತೆ ಎಂಬತ್ತೊಂಬತ್ತರ ಅತ್ತೆ.

ಮಧ್ಯಾಹ್ನ ಎರಡೂವರೆಗೆ ಓಣಿಯ ಹುಡುಗನೊಬ್ಬ ರಿಕ್ಷಾದಲ್ಲಿ ಎರಡು ದೊಡ್ಡ ಬಾಲ್ದಿ ಅನ್ನ ತಂದ. ಮದುವೆ ಊಟದಲ್ಲಿ ಉಳಿದದ್ದು. ಮೇಲೆ ಸ್ವಲ್ಪ ಪಾಯಸ.

‘ಮಾಮ, ಬಿಸಾಡ್ಲಿಕ್ಕೆ ಮನಸ್ಸು ಬರ್ಲಿಲ್ಲ. ದನಕ್ಕೆ ಆಗ್ತದಲ್ವಾ?’

ಇವರಿಗೆ ಖುಷಿಯಾಯಿತು. ಅನ್ನ ಚೆಲ್ಲಬಾರದು, ದನಕ್ಕೆ ಹಾಕಿದರೆ ಪುಣ್ಯ. ನಾವೆಲ್ಲ ಹಾಗೇ ಬೆಳೆದವರು. ನಾನಿದ್ದರೂ ಬೇಡ ಎನ್ನುತ್ತಿದ್ದೆನೋ ಇಲ್ಲವೋ. ದಿನವೂ ಅಕ್ಕಚ್ಚಿನ ಜತೆ ಒಂದು ಹಿಡಿ ಅನ್ನ ಹೋಗುತ್ತಿತ್ತಲ್ಲ. ಹಿಡಿಗೂ ಬಾಲ್ದಿಗೂ ಇರುವ ವ್ಯತ್ಯಾಸ ನಮ್ಮ ತಲೆಗೆ ಹೋಗಿರಲಿಲ್ಲ.

ಪುಟ್ಟಿ ಆಚೆ ತೆಂಗಿನ ಬುಡದಲ್ಲಿತ್ತು. ಕಾವೇರಿಯ ಮರಿಗೆಗೆ ಎರಡೂ ಬಾಲ್ದಿ ಹೋಯಿತು. ಹೆಚ್ಚು ಕಡಿಮೆ ಇಪ್ಪತ್ತು ಕೆ.ಜಿ. ಅನ್ನ. ಅಕ್ಕಿಯ ಲೆಕ್ಕದಲ್ಲಿ ಆರೇಳು ಕೆ.ಜಿ. ಕಾವೇರಿ ಮರಿಗೆಯ ಅಡಿ ನೆಕ್ಕಿ ಮುಗಿಸಿತ್ತು.

ನಾನು ಬಂದದ್ದು ಸಂಜೆ ಏಳಕ್ಕೆ. ಹಾಲು ಒಂದು ಲೀಟರ್ ಕಡಿಮೆ. ಪ್ರಯಾಣದ ಆಯಾಸದಲ್ಲಿ ತಲೆಗೆ ಹಚ್ಚಿಕೊಳ್ಳಲಿಲ್ಲ. ರಾತ್ರಿ ಹತ್ತಕ್ಕೆ ಅತ್ತೆ ಒಳಗಿಂದ ಕರೆದರು. ಅವರ ಕೋಣೆಯ ಕಿಟಿಕಿ ಹಟ್ಟಿಯ ಬದಿಗೆ.

‘ದನ ಮೆಲುಕು ಹಾಕುವುದು ಕೇಳುವುದಿಲ್ಲ ಮಾರಾಯ್ತಿ, ಹೋಗಿ ನೋಡು.’

ಹೋಗಿ ನೋಡಿದರೆ ಕಾವೇರಿ ಗೋಡೆಗೆ ಮುಖ ಮಾಡಿ ನಿಂತಿದೆ. ಹಲ್ಲು ಕಡಿಯುತ್ತಿದೆ. ಎಡಹೊಟ್ಟೆ ತುಂಬಿದೆ, ಆದರೆ ಗಾಳಿ ತುಂಬಿದ ಡೋಲಿನ ಹಾಗಲ್ಲ. ಮುಷ್ಟಿಯಿಂದ ಒತ್ತಿದರೆ ಕಲಸಿದ ಹಿಟ್ಟಿನ ಹಾಗೆ, ಒಳಗೆ ನೀರು ಕಲಕಿದ ಸದ್ದು. ಸೆಗಣಿ ತೆಳ್ಳಗೆ, ಹುಳಿ ವಾಸನೆ. ಅದರಲ್ಲಿ ಅನ್ನದ ಅಗುಳು ಕಂಡಾಗಲೇ ನಾನು ಇವರ ಹತ್ತಿರ ಕೇಳಿದ್ದು, ‘ಇವತ್ತು ಎಂತ ಹಾಕಿದ್ದೀರಿ?’

ಇವರು ಹೇಳಿದರು. ಆ ಕ್ಷಣಕ್ಕೆ ನನಗೆ ಬಂದ ಸಿಟ್ಟನ್ನು ಬರೆಯುವುದು ಬೇಡ. ಕಾವೇರಿ ಆಗ ಐದು ತಿಂಗಳ ಗಬ್ಬ.

ಆ ರಾತ್ರಿ

ಗುರುತಿನ ಪಶುವೈದ್ಯರಿಗೆ ಫೋನು ಮಾಡಿದೆ. ಹೇಳಿದ್ದನ್ನು ಕೇಳಿ, ‘ಎಣ್ಣೆ, ಕಷಾಯ ಎಂತದೂ ಕುಡಿಸಬೇಡಿ ಅಕ್ಕ, ನಾನು ಬರುತ್ತೇನೆ’ ಎಂದರು. ಬರುವಾಗ ಹನ್ನೊಂದೂಮುಕ್ಕಾಲು. ಅಷ್ಟರಲ್ಲಿ ಕಾವೇರಿ ಕಾಲು ತಡವರಿಸುತ್ತಿತ್ತು, ಕಣ್ಣು ಒಳಗೆ ಹೋಗಿತ್ತು.

ಬಾಯಿಂದ ಹೊಟ್ಟೆಗೆ ರಬ್ಬರಿನ ಕೊಳವೆ ಇಳಿಸಿದರು. ಹೊರಗೆ ಬಂದ ನೀರಿನ ವಾಸನೆ ಹಳೆಯ ದೋಸೆಹಿಟ್ಟಿನಂತೆ. ಆದಷ್ಟು ಹೊರಗೆ ತೆಗೆದು, ಅಡುಗೆ ಸೋಡಾ ಕದಡಿದ ನೀರನ್ನು ಅದೇ ಕೊಳವೆಯಲ್ಲಿ ಒಳಗೆ ಬಿಟ್ಟರು. ಕುತ್ತಿಗೆಯ ನರಕ್ಕೆ ಡ್ರಿಪ್. ಬಿ ಜೀವಸತ್ವದ ಇಂಜೆಕ್ಷನ್. ಎಮರ್ಜೆನ್ಸಿ ಲೈಟು ಹಿಡಿದು ನಾನು, ಡ್ರಿಪ್ ಬಾಟಲಿ ಎತ್ತಿ ಹಿಡಿದು ಇವರು. ಅನ್ನ ತಂದ ಹುಡುಗನೂ ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಮುಖ ನೋಡಲು ಆಗುತ್ತಿರಲಿಲ್ಲ.

ನಡುನಡುವೆ ಡಾಕ್ಟರು ನಮಗೆ ಅರ್ಥವಾಗುವ ಹಾಗೆ ಹೇಳಿದರು. ದನದ ದೊಡ್ಡ ಹೊಟ್ಟೆಯಲ್ಲಿ ನೂರು ಲೀಟರಿಗೂ ಹೆಚ್ಚು ಹಿಡಿಯುತ್ತದೆ. ಅದರಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು. ಹುಲ್ಲನ್ನು ಕರಗಿಸುವವು ಅವೇ. ದನ ಬದುಕುವುದು ಅವು ಮಾಡಿಕೊಟ್ಟ ಅಡುಗೆಯಲ್ಲಿ. ಬೆಂದ ಅನ್ನ ಒಮ್ಮೆಲೇ ಬಿದ್ದರೆ ಹುಲ್ಲು ಕರಗಿಸುವವು ಹಿಂದೆ ಬಿದ್ದು ಹುಳಿ ಬರಿಸುವವು ಮೆರೆಯುತ್ತವೆ. ಹೊಟ್ಟೆ ಹುಳಿಯಾದ ಹಾಗೆ ಒಳ್ಳೆಯ ಜೀವಿಗಳು ಸಾಯುತ್ತವೆ, ಹೊಟ್ಟೆಯ ಅಲುಗಾಟ ನಿಲ್ಲುತ್ತದೆ. ಹುಳಿ ರಕ್ತಕ್ಕೂ ಸೇರುತ್ತದೆ. ಮೈಯ ನೀರೆಲ್ಲ ಹೊಟ್ಟೆಗೆ ಎಳೆದುಕೊಳ್ಳುವುದರಿಂದ ಕಣ್ಣು ಗುಳಿ ಬೀಳುತ್ತದೆ.

‘ಹುಲ್ಲು ತಿಂದ ದನ ಮೆಲುಕು ಹಾಕುತ್ತದೆ. ಮೆಲುಕು ಹಾಕುವಾಗ ಸುರಿಯುವ ಜೊಲ್ಲೇ ದನದ ಸೋಡಾ. ಅನ್ನಕ್ಕೆ ಮೆಲುಕೇ ಬೇಡ, ಹಾಗಾಗಿ ಜೊಲ್ಲೂ ಇಲ್ಲ’ ಎಂದರು. ಮೂವತ್ತಾರು ವರ್ಷ ದನ ಸಾಕಿದ ನನಗೆ ಇದು ಗೊತ್ತಿರಲಿಲ್ಲ.

ಮರುದಿನ ಬೆಳಗ್ಗೆ ಕಾವೇರಿ ಮಲಗಿತ್ತು, ಎದ್ದಿರಲಿಲ್ಲ. ಅತ್ತೆ ಕೋಲು ಊರಿಕೊಂಡು ಹಟ್ಟಿಗೆ ಬಂದು, ‘ಪುಟ್ಟಿಯ ಮೆಲುಕಿನ ಉಂಡೆ ತೆಗೆದು ಇದಕ್ಕೆ ಕೊಡು’ ಎಂದರು. ಹಿಂದೆ ಅವರ ತವರಲ್ಲಿ ಮೆಲುಕು ನಿಂತ ದನಕ್ಕೆ ಹಾಗೆ ಮಾಡುತ್ತಿದ್ದರಂತೆ. ಡಾಕ್ಟರಿಗೆ ಫೋನಿನಲ್ಲಿ ಹೇಳಲು ನನಗೆ ನಾಚಿಕೆ. ಅವರು, ‘ಅಜ್ಜಿ ಹೇಳಿದ್ದು ಸರಿಯೇ. ಸತ್ತ ಜೀವಿಗಳ ಜಾಗಕ್ಕೆ ಹೊಸ ಬೀಜ ಹಾಕಿದ ಹಾಗೆ. ನಾವು ಕೊಳವೆಯಲ್ಲಿ ಮಾಡುವುದೂ ಅದನ್ನೇ’ ಎಂದರು. ಸಂಜೆ ಅವರೇ ಇನ್ನೊಂದು ಆರೋಗ್ಯವಂತ ದನದ ಹೊಟ್ಟೆಯ ನೀರು ಮೂರು ಲೀಟರು ತಂದು ಕೊಟ್ಟರು. ಅದಕ್ಕೆ ಮೊದಲೇ ನಾನು ಪುಟ್ಟಿಯ ಬಾಯಿಂದ ಎರಡು ಉಂಡೆ ತೆಗೆದು ಕೊಟ್ಟಿದ್ದೆ. ಯಾವುದರಿಂದ ಗುಣವಾಯಿತೆಂದು ಹೇಳಲಾರೆ. ಮೂರನೆಯ ದಿನ ರಾತ್ರಿ ಮೆಲುಕಿನ ಸದ್ದು ಕೇಳಿತು. ಮೊದಲು ಕೇಳಿಸಿಕೊಂಡವರು ಅತ್ತೆಯೇ.

ಗೊರಸಿಗೆ ಬಂದ ಬಾಕಿ

ಮುಗಿಯಿತೆಂದುಕೊಂಡೆವು. ಮುಗಿದಿರಲಿಲ್ಲ. ಆರು ವಾರದ ಮೇಲೆ ಕಾವೇರಿ ಕುಂಟತೊಡಗಿತು. ಗೊರಸು ಮುಟ್ಟಿದರೆ ಬಿಸಿ. ಹೊಟ್ಟೆಯ ಹುಳಿಯ ಏಟು ಗೊರಸಿನ ಒಳಪದರಕ್ಕೆ ಬೀಳುತ್ತದೆ, ಅದು ಕಾಣುವುದು ಇಷ್ಟು ತಡವಾಗಿ ಎಂದು ಡಾಕ್ಟರು ಹೇಳಿದರು. ಗೊರಸು ಹೆರೆಸಿ, ನೆಲಕ್ಕೆ ರಬ್ಬರು ಚಾಪೆ ಹಾಕಿ, ಮಳೆಗಾಲ ಪೂರ್ತಿ ಚಾಕರಿ.

ಲೆಕ್ಕ ಬರೆದಿಟ್ಟಿದ್ದೇನೆ. ಔಷಧ, ಡಾಕ್ಟರ ಖರ್ಚು, ಗೊರಸಿನ ಕೆಲಸ ಸೇರಿ 6,800 ರೂಪಾಯಿ. ಹಾಲು ಒಂಬತ್ತು ಲೀಟರಿನಿಂದ ಎರಡಕ್ಕೆ ಇಳಿದು, ಮತ್ತೆ ಐದರ ಮೇಲೆ ಏರಲೇ ಇಲ್ಲ. ದಿನಕ್ಕೆ ನಾಲ್ಕು ಲೀಟರಿನಂತೆ ಮೂರು ತಿಂಗಳ ನಷ್ಟ 360 ಲೀಟರ್. ಆಗಿನ 50 ರೂಪಾಯಿಯಂತೆ 18,000. ಒಟ್ಟು 24,800. ಪುಕ್ಕಟೆ ಬಂದ ಅನ್ನಕ್ಕೆ ನಾವು ತೆತ್ತ ಬೆಲೆ ಇದು.

ಮಗ ಬೆಂಗಳೂರಿನಿಂದ ಬಂದು, ‘ಅಮ್ಮ, ಸಾಕು. ದನ ಕೊಟ್ಟು ಬಿಡುವ. ಆ ಜಾಗದಲ್ಲಿ ಎರಡು ರೂಮು ಕಟ್ಟಿ ಬಾಡಿಗೆಗೆ ಕೊಟ್ಟರೆ ತಿಂಗಳಿಗೆ ಕೂತಲ್ಲಿಗೇ ಹಣ ಬರ್ತದೆ’ ಎಂದ. ಅವನ ಮಾತಿನಲ್ಲಿ ತಪ್ಪಿರಲಿಲ್ಲ. ಇವರೂ ಹೂಂ ಅಂದರು, ತಮ್ಮಿಂದ ಆದದ್ದೆಂಬ ಬೇಸರದಲ್ಲಿ. ನಾನೂ ಹೆಚ್ಚು ಕಡಿಮೆ ಒಪ್ಪಿದ್ದೆ. ಕರು ಹಾಕುವವರೆಗೆ ಇರಲಿ ಎಂದು ಮಾತಾಯಿತು.

ಸೆಪ್ಟೆಂಬರ್ ಕೊನೆಗೆ ಕಾವೇರಿ ಕರು ಹಾಕಿತು. ಗಂಡು. ಗಂಡು ಕರು ಪೇಟೆಯ ಹಟ್ಟಿಗೆ ದೊಡ್ಡ ಪ್ರಶ್ನೆ ಎಂದು ಎಲ್ಲರಿಗೂ ಗೊತ್ತು. ಆದರೂ ಹುಟ್ಟಿದ ಅರ್ಧ ಗಂಟೆಯಲ್ಲಿ ಎದ್ದು ನಿಂತು ಮೊಲೆ ಹುಡುಕಿದಾಗ ಮಾರುವ ಮಾತು ಯಾರೂ ಎತ್ತಲಿಲ್ಲ. ಅದೇ ಸಮಯ ರಾಜ್ಯದಲ್ಲೆಲ್ಲ ಚರ್ಮಗಂಟು ರೋಗದ ಹೆದರಿಕೆ. ಲಸಿಕೆ ಹಾಕಿಸಿ, ಸಂಜೆ ಹೊಗೆ ಹಾಕಿ, ನೊಣ ಕಡಿಮೆ ಮಾಡಿ ಹೇಗೋ ದಾಟಿದೆವು. ಕರುವನ್ನು ಒಂದು ವರ್ಷ ಸಾಕಿ, ಗೊಬ್ಬರಕ್ಕೆಂದೇ ಊರ ದನ ಸಾಕುವ ವಿಟ್ಲ ಕಡೆಯ ಅಡಿಕೆ ಕೃಷಿಕರೊಬ್ಬರಿಗೆ ಕೊಟ್ಟೆವು.

ಬಾಗಿಲಿಗೆ ಬಂದ ಅನ್ನಕ್ಕೆ ಎಂತ ಮಾಡುವುದು?

ಅನ್ನ ಬರುವುದು ನಿಂತಿಲ್ಲ. ಮದುವೆ, ಬೊಜ್ಜ, ಗೃಹಪ್ರವೇಶ, ಫ್ಲ್ಯಾಟಿನ ಮನೆಗಳ ನಿನ್ನೆಯ ಇಡ್ಲಿ. ಬೇಡ ಎಂದರೆ ಅವರಿಗೆ ಬೇಸರ, ನಮಗೆ ಪಾಪದ ಹೆದರಿಕೆ. ಹಟ್ಟಿಯ ಬಾಗಿಲಲ್ಲಿ ಈಗ ಒಂದು ಡಬ್ಬ ಇಟ್ಟಿದ್ದೇವೆ. ಒಂದೂವರೆ ಕೆ.ಜಿ. ಅನ್ನ ಹಿಡಿಯುವಂಥದ್ದು. ಕಾವೇರಿಗೆ ದಿನಕ್ಕೆ ಒಂದು ಡಬ್ಬ, ಅದೂ ಬೈಹುಲ್ಲು ತಿಂದ ಮೇಲೆ. ಪುಟ್ಟಿಗೆ ಕಾಲು ಡಬ್ಬ. ಅದಕ್ಕಿಂತ ಹೆಚ್ಚು ಬಂದದ್ದು ದನಕ್ಕಿಲ್ಲ.

ಉಳಿದದ್ದನ್ನು ಗೋಬರ್ ಗ್ಯಾಸಿಗೆ ಹಾಕುವ ಎಂದು ಹೊರಟು ಇನ್ನೊಂದು ಪಾಠ ಕಲಿತೆ. ನಮ್ಮದು ಒಂದು ಘನ ಮೀಟರಿನ ಸಣ್ಣ ಸ್ಥಾವರ. ದಿನಕ್ಕೆ ಇಪ್ಪತ್ತು-ಇಪ್ಪತ್ತೈದು ಕೆ.ಜಿ. ಸೆಗಣಿ, ಅಷ್ಟೇ ನೀರು. ಒಂದು ವಾರ ದಿನಾ ಒಂದು ಬಾಲ್ದಿ ಅನ್ನ ಹಾಕಿದೆ. ಮೊದಲೆರಡು ದಿನ ಗ್ಯಾಸು ಜೋರು. ಐದನೇ ದಿನ ಒಲೆ ಹೊತ್ತುವುದೇ ಇಲ್ಲ, ಹೊರಗೆ ಬರುವ ಬಗ್ಗಡ ಹುಳಿ ವಾಸನೆ. ಕಾವೇರಿಗೆ ಬಂದ ಕಾಯಿಲೆಯೇ ಟ್ಯಾಂಕಿಗೂ ಬಂದಿತ್ತು! ಅನ್ನ ನಿಲ್ಲಿಸಿ, ಬರೀ ಸೆಗಣಿ ಕೊಟ್ಟು ಎರಡು ವಾರ ಕಾದಾಗ ಸರಿಯಾಯಿತು. ಈಗ ಅದಕ್ಕೂ ದಿನಕ್ಕೆ ಒಂದೇ ಡಬ್ಬ. ಆಮೇಲೂ ಮಿಕ್ಕರೆ ಒಣ ತರಗೆಲೆಯ ಜತೆ ಪದರ ಪದರವಾಗಿ ತೆಂಗಿನ ಬುಡದ ಗೊಬ್ಬರದ ಗುಂಡಿಗೆ.

ಅನ್ನ ತಂದ ಹುಡುಗ ಈಗ ಮೊದಲೇ ಫೋನು ಮಾಡುತ್ತಾನೆ, ‘ಮಾಮಿ, ಎಷ್ಟು ತರ್ಲಿ?’

ದನಕ್ಕೆ ಅನ್ನ, ಹಿಟ್ಟು, ಧಾನ್ಯ ಹೆಚ್ಚಾದರೆ...

* ಮೆಲುಕು ನಿಲ್ಲುವುದು ಮೊದಲ ಸೂಚನೆ. ರಾತ್ರಿ ಮಲಗುವ ಮೊದಲು ಒಮ್ಮೆ ಕಿವಿಗೊಡಿ.

* ಎಡಹೊಟ್ಟೆಯ ಗುಳಿಗೆ ಮುಷ್ಟಿ ಒತ್ತಿ ಹಿಡಿದರೆ ಎರಡು ನಿಮಿಷದಲ್ಲಿ ಎರಡು-ಮೂರು ಸಲ ಒಳಗಿನ ಅಲುಗಾಟ ತಿಳಿಯಬೇಕು. ತಿಳಿಯದಿದ್ದರೆ ತೊಂದರೆ ಇದೆ.

* ಹಲ್ಲು ಕಡಿಯುವುದು, ತೆಳು ಹುಳಿ ಸೆಗಣಿ, ತಡವರಿಸುವ ನಡೆ, ಗುಳಿ ಬಿದ್ದ ಕಣ್ಣು ಕಂಡರೆ ಬೆಳಗಾಗಲೆಂದು ಕಾಯಬೇಡಿ. ಪಶುವೈದ್ಯರು ಸಿಗದಿದ್ದರೆ 1962ಕ್ಕೆ ಕರೆ ಮಾಡಿ ಕೇಳಬಹುದು.

* ತಲೆ ಮೇಲೆತ್ತಿ, ನಾಲಗೆ ಎಳೆದು ಹಿಡಿದು ಏನನ್ನೂ ಕುಡಿಸಬೇಡಿ. ಶ್ವಾಸಕೋಶಕ್ಕೆ ಹೋದರೆ ದನ ಅದರಿಂದಲೇ ಸಾಯುತ್ತದೆ.

* ಸೋಡಾದ ಪ್ರಮಾಣ ದನದ ತೂಕದ ಮೇಲೆ. ವೈದ್ಯರನ್ನು ಕೇಳಿಯೇ ಕೊಡಿ.

* ಹಿಂಡಿ ಬದಲಿಸುವುದಿದ್ದರೂ ಒಮ್ಮೆಲೇ ಬೇಡ. ಹತ್ತು ಹದಿನೈದು ದಿನದಲ್ಲಿ ಸ್ವಲ್ಪ ಸ್ವಲ್ಪವಾಗಿ ಬದಲಿಸಿ. ಹಿಂಡಿಗೆ ಮೊದಲು ಒಣಹುಲ್ಲು.

ಕೋಳಿ, ನಾಯಿ, ನೆರೆಕರೆ

ಕೋಳಿಗಳ ಕತೆ ಚಿಕ್ಕದಾಗಿ ಹೇಳಿ ಬಿಡುತ್ತೇನೆ. ದನಕ್ಕೆ ಕಟ್ಟಿದ ಹುಳ, ಉಣುಗನ್ನು ಹೆಕ್ಕಿ ತಿನ್ನುವುದು ಅವೇ. ಕಾವು ಕೂತ ಹೇಂಟೆಗೆ 21 ದಿನ. ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದರೆ ಒಂದು ವಾರದಲ್ಲಿ ಗೂಡು ಖಾಲಿ. ಲಸಿಕೆಯ ಬಾಟಲಿ ನೂರು ಕೋಳಿಗಾಗುವಷ್ಟು. ನಮ್ಮಲ್ಲಿರುವುದು ಹತ್ತು. ಬೆರೆಸಿದ ಮೇಲೆ ಇಟ್ಟುಕೊಳ್ಳಲೂ ಆಗದು. ಹಾಗಾಗಿ ಕೋಳಿ ಇರುವ ಆರು ಮನೆಯವರು ಸೇರಿ ಒಂದೇ ದಿನ ಗೊತ್ತು ಮಾಡುತ್ತೇವೆ. ಐಸ್ ತುಂಬಿದ ಫ್ಲಾಸ್ಕಿನಲ್ಲಿ ಲಸಿಕೆ ತಂದು ಸಂಜೆ ಮನೆಯಿಂದ ಮನೆಗೆ ಓಡಾಡಿ ಹಾಕುವುದು. ತಲಾ ಖರ್ಚು ಒಂದು ಚಾಯಕ್ಕಿಂತ ಹೆಚ್ಚಿಲ್ಲ.

ನವರಾತ್ರಿಯಲ್ಲಿ ಹುಲಿವೇಷದ ತಾಸೆ ಓಣಿಗೆ ಬಂದರೆ ಕಾವೇರಿ ನಡುಗುತ್ತದೆ. ಗೇಟಿನ ಹತ್ತಿರ ಬಾರಿಸಬೇಡಿ ಎಂದು ಮೊದಲೇ ಹೇಳುತ್ತೇವೆ, ಹುಡುಗರು ಕೇಳುತ್ತಾರೆ. ಆ ಹೊತ್ತಿಗೆ ಕುತ್ತಿಗೆ ತುರಿಸುತ್ತಾ ನಾನು ಹತ್ತಿರ ನಿಂತರೆ ಹಾಲು ಇಳಿಯುವುದಿಲ್ಲ. ಪುಟ್ಟಿಗೆ ಹುಲಿಯೂ ಒಂದೇ, ಪಟಾಕಿಯೂ ಒಂದೇ.

ಪಕ್ಕದಲ್ಲಿ ಐದು ಮಾಳಿಗೆಯ ಫ್ಲ್ಯಾಟು ಎದ್ದಾಗ ವಾಸನೆಯ ದೂರು ಬಂತು. ಜಗಳ ಮಾಡಲಿಲ್ಲ. ಗೋಬರ್ ಗ್ಯಾಸ್ ಕಟ್ಟಿಸಿದ್ದೇ ಆಗ. ಸೆಗಣಿ ಅದೇ ದಿನ ಟ್ಯಾಂಕಿಗೆ ಹೋದರೆ ನೊಣ, ವಾಸನೆ ಎರಡೂ ಕಡಿಮೆ. ಗಂಜಳದ ಕಣಿ ರಸ್ತೆಯ ಚರಂಡಿಗೆ ಹೋಗದೆ ತೆಂಗಿನ ಬುಡಕ್ಕೆ ಹೋಗುವಂತೆ ತಿರುಗಿಸಿದೆವು. ಈಗ ಆ ಫ್ಲ್ಯಾಟಿನ ನಾಲ್ಕು ಮನೆಗೆ ನಮ್ಮದೇ ಹಾಲು. ಭಾನುವಾರ ಮಕ್ಕಳು ದನ ನೋಡಲು ಬರುತ್ತಾರೆ. ಹಾಲು ಬಿಸಿ ಇರುತ್ತದೆಂದು ಕೆಲವು ಮಕ್ಕಳಿಗೆ ಇಲ್ಲಿಗೆ ಬಂದೇ ಗೊತ್ತಾದದ್ದು.

ಲಾಭ ಉಂಟಾ?

ಎಲ್ಲರೂ ಕೇಳುವ ಪ್ರಶ್ನೆ. ಮುಚ್ಚಿಡದೆ ಹೇಳುತ್ತೇನೆ. ಇಬ್ಬರೂ ಹಾಲು ಕೊಡುವ ತಿಂಗಳಲ್ಲಿ ಮನೆಗೆ ಬಿಟ್ಟು ದಿನಕ್ಕೆ ಎಂಟು ಲೀಟರ್ ಮಾರಾಟ. 60 ರೂಪಾಯಿಯಂತೆ ತಿಂಗಳಿಗೆ 14,400. ಹಿಂಡಿ 4,500, ಬೈಹುಲ್ಲು 3,000, ಖನಿಜ ಮಿಶ್ರಣ, ಔಷಧ, ಕರೆಂಟು ಎಂದು 1,200. ಉಳಿಯುವುದು 5,700. ನಮ್ಮಿಬ್ಬರ ಕೆಲಸ ದಿನಕ್ಕೆ ಐದು ಗಂಟೆ ಎಂದರೆ ಗಂಟೆಗೆ 38 ರೂಪಾಯಿ. ದನ ಬತ್ತಿದ ತಿಂಗಳಲ್ಲಿ ಅದೂ ಇಲ್ಲ. ಗ್ಯಾಸಿನ ಉಳಿತಾಯ, ಗೊಬ್ಬರ, ತೆಂಗಿನಕಾಯಿ, ಮೊಟ್ಟೆ ಸೇರಿಸಿದರೆ ಸ್ವಲ್ಪ ಮೇಲೆ. ಜಾಗದ ಬೆಲೆ ಲೆಕ್ಕಕ್ಕೆ ಹಿಡಿದರೆ ಪುಸ್ತಕ ಮುಚ್ಚಿ ಇಡುವುದೇ ಲೇಸು. ಹಾಗಾಗಿ ಪೇಟೆಯಲ್ಲಿ ದನ ಸಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ.

ನಮ್ಮ ಅತ್ತೆ 1974ರ ನೆರೆಯ ಕತೆ ಹೇಳುತ್ತಿದ್ದರು. ನೇತ್ರಾವತಿ ಅಂಗಳಕ್ಕೆ ಬಂದಾಗ ಮೊದಲು ದನದ ಹಗ್ಗ ಬಿಚ್ಚಿ ಎತ್ತರಕ್ಕೆ ಹೊಡೆದುಕೊಂಡು ಹೋದರಂತೆ, ಆಮೇಲೆ ಪಾತ್ರೆ ಪಗಡೆ. ‘ಪಾತ್ರೆ ತೇಲುತ್ತದೆ, ಕಟ್ಟಿದ ದನ ತೇಲುವುದಿಲ್ಲ’ ಎನ್ನುತ್ತಿದ್ದರು. ಕಟ್ಟಿ ಹಾಕಿದವರು ನಾವು. ಅದರ ಮುಂದೆ ಏನು ಬೀಳುತ್ತದೋ ಅದನ್ನು ಅದು ತಿನ್ನುತ್ತದೆ. ಬೇಡ ಎನ್ನುವ ಬುದ್ಧಿ ಇರಬೇಕಾದದ್ದು ನಮಗೆ.

ಅತ್ತೆ ಕಳೆದ ವರ್ಷ ತೀರಿಕೊಂಡರು. ಅವರ ಕೋಣೆಯಲ್ಲಿ ಈಗ ನಾನು ಮಲಗುವುದು. ಕಿಟಿಕಿ ಹಟ್ಟಿಯ ಬದಿಗೆ ತೆರೆದೇ ಇರುತ್ತದೆ.

ಮೊನ್ನೆ ಓಣಿಯಲ್ಲಿ ಒಂದು ಮದುವೆ. ಮರುದಿನ ಬೆಳಗ್ಗೆ ಗೇಟಿನ ಹೊರಗೆ ಯಾರೋ ದೊಡ್ಡ ಪಾತ್ರೆ ಅನ್ನ ಇಟ್ಟು ಹೋಗಿದ್ದರು. ಇವರು ಡಬ್ಬ ತಂದು ಅಳೆದು, ಉಳಿದದ್ದನ್ನು ಗುಂಡಿಗೆ ಹಾಕಿ ತರಗೆಲೆ ಮುಚ್ಚಿ ಬಂದರು. ನಾನು ಏನೂ ಹೇಳಲಿಲ್ಲ.